ಪೂಜೆಗಿಟ್ಟ ಸುತ್ತಿಗೆ

ಹುಲಿಯೂರುದುರ್ಗ
೩-೧೧-೧೯೮೧, ಮಂಗಳವಾರ

ಪ್ರೀತಿಯ ಅವ್ವನಿಗೆ,

ನಿನ್ನ ಮಗಳು ಮಂಜುಳ ಮಾಡುವ ನಮಸ್ಕಾರ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಹೋದೆ, ಪೆನ್ನು ಮುಂದಕ್ಕೆ ಹೋಗಲಿಲ್ಲ. ಕ್ಷೇಮವಿಲ್ಲ ಎಂದು ಬರೆದರೆ ನೀನು ಅಲ್ಲಿ ಗುಬ್ಬಿಯಲ್ಲಿ ಊಟ ಬಿಟ್ಟು ಕೂರುತ್ತೀಯ. ಜ್ವರ, ನೆಗಡಿ ಯಾರಿಗೂ ಇಲ್ಲ ಎಂದಷ್ಟು ತಿಳಿದುಕೋ. ದೀಪಾವಳಿಗೆ ಮಗಳು ಅಳಿಯ ಬರಲಿಲ್ಲವೆಂದು ಕಜ್ಜಾಯದ ಡಬ್ಬಿಯ ಮುಚ್ಚಳವನ್ನೇ ತೆಗೆದಿಲ್ಲವಂತೆ ನೀನು. ಅಣ್ಣ ಕಾರ್ಡು ಹಾಕಿದ್ದ. ಅದರಲ್ಲಿ ಕಜ್ಜಾಯದ ಸುದ್ದಿ ಬಿಟ್ಟು ಬೇರೇನೂ ಇರಲಿಲ್ಲ.

ಈ ಕಾಗದವನ್ನೂ ನಿನಗೆ ಓದಿ ಹೇಳುವವನು ಅಣ್ಣನೇ ತಾನೆ? ನಡುನಡುವೆ ನುಂಗಿಕೊಂಡು ಓದುತ್ತಾನೆ ಎಂದು ನೀನು ಹೋದ ಸಲ ದೂರಿದ್ದೆ. ಈ ಸಲ ಒಂದಕ್ಷರ ಬಿಡದೆ ಓದಬೇಕೆಂದು ಅವನಿಗೆ ಗದರಿಸಿ ಹೇಳು.

ನಿನ್ನ ಅಳಿಯನನ್ನು ಸಸ್ಪೆಂಡ್ ಮಾಡಿದ್ದಾರೆ. ಬರೆದುಬಿಟ್ಟೆ. ಮೂರು ವಾರವಾಯಿತು. ಮುಂದಿನ ವಾರದ ವಿಚಾರಣೆಯಲ್ಲಿ ಇವರದೇ ತಪ್ಪೆಂದು ತೀರ್ಮಾನವಾದರೆ ಕೆಲಸವೂ ಹೋಗುತ್ತದೆ, ಜೈಲೂ ಆಗಬಹುದಂತೆ. ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಎಂದು ಬೈಯಬೇಡ. ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ಬಿಡಬೇಕು ಎಂಬುದೇ ನನಗೆ ಬಗೆಹರಿಯುತ್ತಿಲ್ಲ.

ಇವರ ಸುತ್ತಿಗೆ ನಿನಗೆ ಗೊತ್ತಲ್ಲ. ಕಾಡಿನ ಮರ ಸಾಗಿಸಬೇಕಾದರೆ ದಿಮ್ಮಿಯ ತುದಿಗೆ ಇಲಾಖೆಯ ಮುದ್ರೆ ಬೀಳಬೇಕು. ಆ ಸುತ್ತಿಗೆಯ ಮುಖದಲ್ಲಿ ಅಕ್ಷರ ಕೊರೆದಿರುತ್ತದೆ, ಹೊಡೆದರೆ ಮರದ ಮೇಲೆ ಅಚ್ಚು ಕೂರುತ್ತದೆ. ಅಚ್ಚಿದ್ದರೆ ಒಪ್ಪಿಗೆಯ ಮಾಲು, ಇಲ್ಲದಿದ್ದರೆ ಕಳ್ಳಮಾಲು. ಫಾರೆಸ್ಟರ್ ಆದಾಗಿನಿಂದ ಇವರು ಅದನ್ನು ನನಗಿಂತ ಜೋಪಾನವಾಗಿ ನೋಡಿಕೊಂಡವರು. ಸುತ್ತಿಗೆ ಟ್ರಂಕಿನಲ್ಲಿ, ಟ್ರಂಕಿಗೆ ಬೀಗ, ಬೀಗದ ಕೈ ಉಡುದಾರದಲ್ಲಿ. "ನನಗೂ ಒಂದು ಬೀಗ ಹಾಕ್ಬಿಡಿ" ಎಂದು ನಾನು ರೇಗಿಸುತ್ತಿದ್ದೆ.

ಆಯುಧಪೂಜೆಯ ದಿನ ಅದನ್ನು ಹೊರಗೆ ತೆಗೆಸಿದವಳು ನಾನೇ ಅವ್ವ. ಈಳಿಗೆಮಣೆಗೆ ಕುಂಕುಮ, ಊದುಕೊಳವೆಗೆ ಕುಂಕುಮ, ಇವರ ಸೈಕಲ್ಲಿಗೆ ಹೂವಿನ ಹಾರ, ನಮಗೆ ಅನ್ನ ಹಾಕುವ ಸುತ್ತಿಗೆಗೆ ಮಾತ್ರ ಟ್ರಂಕೇ ಗತಿಯೇ ಎಂದು ಜಗಳ ತೆಗೆದೆ. ಸಾಕಪ್ಪಾ ಎಂದು ತೆಗೆದುಕೊಟ್ಟರು. ಕುಂಕುಮ ಕಲಸಿ ಅದರ ಮುಖಕ್ಕೇ ಬಳಿದು, ಚೆಂಡುಹೂವು ಇಟ್ಟು ದೇವರ ಮುಂದೆ ಕೂರಿಸಿದೆ. ಪೂಜೆಗೆ ಕೂತ ಆಯುಧವನ್ನು ಮಾರನೆ ದಿನ ಮರುಪೂಜೆ ಮಾಡುವವರೆಗೆ ಕದಲಿಸಬಾರದು ಎಂದು ನೀನೇ ಕಲಿಸಿದ್ದು. ಮಂಗಳಾರತಿ ಮುಗಿದ ಕೂಡಲೇ ಇವರು ಕೈ ಹಾಕಿದರು. ನಾನು ಆ ಕೈ ಹಿಡಿದುಕೊಂಡೆ. "ಒಂದಿನ ಕಣ್ರೀ, ದೇವ್ರ ಮುಂದಿರೋದನ್ನ ಯಾರು ಮುಟ್ತಾರೆ?" ಎಂದೆ.

ಅವತ್ತು ಅಣ್ಣ ಬಂದಿದ್ದನಲ್ಲ, ನೀನು ಕೊಟ್ಟ ತೆಂಗಿನಕಾಯಿ ಚೀಲ ಹೊತ್ತುಕೊಂಡು. ಊಟವಾದ ಮೇಲೆ ಇವರು ಗಾರ್ಡ್ ಅಡವಿಯಪ್ಪನನ್ನು ಕರೆದುಕೊಂಡು ಬೆಟ್ಟದ ಕಡೆ ಹೋದರು. ಹಬ್ಬದ ದಿನವೇ ಮರ ಕಡಿಯುವವರಿಗೆ ಧೈರ್ಯ ಜಾಸ್ತಿಯಂತೆ. ನಾನು ನಾಲ್ಕು ಮನೆಗೆ ತಾಂಬೂಲಕ್ಕೆ ಹೋದೆ. ಅಣ್ಣ ಹೊಟ್ಟೆ ಭಾರವಾಗಿದೆ, ಮಲಗುತ್ತೇನೆ ಎಂದ. ನಾನು ಮೂರು ಗಂಟೆಗೆ ವಾಪಸ್ಸು ಬಂದೆ. ಅವತ್ತು ನಡೆದದ್ದು ಇಷ್ಟೇ.

ಐದು ದಿನ ಕಳೆದ ಮೇಲೆ ಅಮೃತೂರಿನ ರಸ್ತೆಯಲ್ಲಿ ಅಡವಿಯಪ್ಪ ಒಂದು ಲಾರಿ ತಡೆದ. ಮೇಲೆ ತೆಂಗಿನ ಸಿಪ್ಪೆ, ಕೆಳಗೆ ಹೊನ್ನೆ ದಿಮ್ಮಿ. ಅವನ ಕೈಯಲ್ಲಿ ಒಂದು ಬಿದಿರು ಕೋಲು ಬಿಟ್ಟರೆ ಏನಿತ್ತು ಹೇಳು? ಲಾರಿಯಿಂದ ಮೂವರು ಇಳಿದು ಕೊಡಲಿಯ ಕಾವಿನಿಂದ ಬಾರಿಸಿದರು. ಅಷ್ಟರಲ್ಲಿ ಹೊಲದ ಕಡೆಯಿಂದ ಜನ ಓಡಿಬಂದರು, ಆ ಮೂವರು ಲಾರಿ ಬಿಟ್ಟು ಓಡಿಹೋದರು. ಅಡವಿಯಪ್ಪನ ಎಡಗೈ ಎರಡು ಕಡೆ ಮುರಿದಿದೆ. ಇನ್ನೂ ತುಮಕೂರಿನ ಆಸ್ಪತ್ರೆಯಲ್ಲೇ ಇದ್ದಾನೆ.

ದಿಮ್ಮಿಗಳನ್ನು ಇಳಿಸಿ ನೋಡಿದರೆ ಎಲ್ಲದರ ಮೇಲೂ ಮುದ್ರೆ. ನಿನ್ನ ಅಳಿಯ ಬಗ್ಗಿ ನೋಡಿ, "ಮುದ್ರೆ ನಂದೇ ಸಾರ್, ಆದ್ರೆ ನಾನು ಹೊಡೆದಿಲ್ಲ" ಎಂದರಂತೆ ರೇಂಜರ್ ಸಾಹೇಬರಿಗೆ. ಇಂಥ ಪೆದ್ದ ಮನುಷ್ಯನನ್ನು ನನಗೆ ಹುಡುಕಿ ತಂದವಳು ನೀನು! ಒಂದು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಏನಾಗುತ್ತಿತ್ತು? ಆ ಬಾಯಿಗಾಗಿಯೇ ನನಗೆ ಇವರ ಮೇಲೆ ಅಷ್ಟು ಪ್ರೀತಿ, ಅದು ಬೇರೆ ಮಾತು.

ಅಡವಿಯಪ್ಪನ ಹೆಂಡತಿ ಚಿಕ್ಕಮಾರಮ್ಮ ದಿನಾ ನಮ್ಮ ಮನೆಗೆ ಬಂದು ಮಜ್ಜಿಗೆ ಕುಡಿದು ಹೋಗುತ್ತಿದ್ದವಳು, ಈಗ ನಮ್ಮ ಬಾಗಿಲು ಕಂಡರೆ ಆ ಕಡೆ ಮುಖ ತಿರುಗಿಸುತ್ತಾಳೆ. ಮೊನ್ನೆ ಬೋರ್‌ವೆಲ್ ಹತ್ತಿರ ನಾನೇ ಅವಳ ಬಿಂದಿಗೆಗೆ ಕೈ ಹಾಕಿದೆ, ಎತ್ತಿಕೊಡೋಣವೆಂದು. ಕಿತ್ತುಕೊಂಡಳು. "ಮುದ್ರೆ ಒತ್ತಿ ಮರ ಕಳ್ಸೋರೂ ನೀವೆಯಾ, ಅದ್ನ ತಡಿ ಹೋಗು ಅಂತ ನನ್ ಗಂಡನ್ನ ಕಳ್ಸೋರೂ ನೀವೆಯಾ. ಇದ್ಯಾವ ನ್ಯಾಯ ಬುಡವ್ವ" ಎಂದಳು. ಮನೆಗೆ ಬಂದು ಖಾಲಿ ಬಿಂದಿಗೆಯನ್ನು ಒಲೆಯ ಮೇಲಿಟ್ಟೆ. ನನ್ನ ತಲೆ ಎಲ್ಲಿದೆಯೋ ನೀನೇ ನೋಡು.

ತುಮಕೂರಿನಿಂದ ಸಾಹೇಬರೊಬ್ಬರು ಬಂದು ನನ್ನನ್ನೂ ಕೇಳಿದರು. ಒಳ್ಳೆಯವರು, "ಕೂತ್ಕೊಳಮ್ಮ, ಹೆದರ್ಬೇಡಿ" ಎಂದರು. ಹಬ್ಬದ ದಿನ ಸುತ್ತಿಗೆ ಎಲ್ಲಿತ್ತು? ದೇವರ ಮುಂದೆ. ಯಾರಾದರೂ ಮುಟ್ಟಿದ್ದರೇ? ಇಲ್ಲ ಎಂದೆ. ಅವರು ಬರೆದುಕೊಂಡರು. ನಾನು ರುಜು ಹಾಕಿದೆ. ಅವರ ಜೀಪು ಹೋದ ಮೇಲೆ ನನಗೆ ಹೊಳೆಯಿತು: ಬೇರೆ ಯಾರೂ ಮುಟ್ಟಿಲ್ಲ ಎಂದ ಮೇಲೆ ಹೊಡೆದವರು ಇವರೇ ಎಂದಾಯಿತಲ್ಲ! ಗಂಡನನ್ನು ಉಳಿಸಬೇಕಾದವಳು ಒಂದೇ ಮಾತಿನಲ್ಲಿ ಸಿಕ್ಕಿಸಿಬಿಟ್ಟೆ.

ಇವರು ಬೈದರೆ ಮೇಲಿತ್ತು. ಬೈಯುವುದಿಲ್ಲ. ಡ್ಯೂಟಿ ಇಲ್ಲದಿದ್ದರೂ ದಿನಾ ಬೆಳಗ್ಗೆ ಬೂಟಿಗೆ ಪಾಲಿಶ್ ಹಾಕಿ, ಬಾಗಿಲ ಪಕ್ಕ ಜೋಡಿಸಿಟ್ಟು, ಬರಿಗಾಲಲ್ಲಿ ಜಗಲಿಯ ಮೇಲೆ ಕೂರುತ್ತಾರೆ. ನಿನ್ನೆ ಇದ್ದಕ್ಕಿದ್ದಂತೆ, "ಮಂಜು, ಒಂದು ದಿಮ್ಮಿಯ ಅಚ್ಚಿನೊಳಗೆ ಕೆಂಪಗೆ ಏನೋ ಮೆತ್ಕೊಂಡಿತ್ತು ಕಣೆ. ಎಲ್ರೂ ಕೆಮ್ಮಣ್ಣು ಅಂದ್ರು" ಎಂದರು. ಅದನ್ನು ನನಗೆ ಯಾಕೆ ಹೇಳಿದರು? ಸಾಹೇಬರಿಗೆ ಯಾಕೆ ಹೇಳಲಿಲ್ಲ? ನನ್ನನ್ನು ಕೇಳುತ್ತಿದ್ದಾರೋ, ಕಾಯುತ್ತಿದ್ದಾರೋ, ಇಲ್ಲ ನನ್ನನ್ನೇ ಕಾಪಾಡುತ್ತಿದ್ದಾರೋ ಒಂದೂ ತಿಳಿಯುತ್ತಿಲ್ಲ. ಬೆಳಗ್ಗೆ ಒಂದು ಥರ ಅನ್ನಿಸುತ್ತದೆ, ಮಧ್ಯಾಹ್ನ ಇನ್ನೊಂದು ಥರ.

ಯಾಕೋ ಅಪ್ಪ ಹೋದ ವರ್ಷವೇ ನೆನಪಾಗುತ್ತಿದೆ. ಅಣ್ಣ ಸ್ಕೂಲು ಬಿಟ್ಟು ತೆಂಗಿನಕಾಯಿ ಮಂಡಿಗೆ ಸೇರಿ ನನ್ನನ್ನು ಹೈಸ್ಕೂಲು ಓದಿಸಿದ. ಮಳೆಗಾಲದಲ್ಲಿ ನನ್ನ ಪುಸ್ತಕದ ಚೀಲವನ್ನು ತನ್ನ ಅಂಗಿಯೊಳಗೆ ಇಟ್ಟುಕೊಂಡು ನಡೆಯುತ್ತಿದ್ದ. ಇವತ್ತು ನಾನು ನಾಲ್ಕಕ್ಷರ ಬರೆಯುತ್ತಿದ್ದರೆ ಅದು ಅವನಿಂದ. ಈ ಮಾತನ್ನು ಅಣ್ಣ ನಾಚಿಕೆಪಟ್ಟು ಬಿಟ್ಟುಬಿಡುತ್ತಾನೆ, ಬಿಡದೆ ಓದು ಎಂದು ಹೇಳು.

ವಿಚಾರಣೆ ಇದೇ ಹನ್ನೆರಡನೆಯ ತಾರೀಖು ಗುರುವಾರ, ತುಮಕೂರಿನ ಆಫೀಸಿನಲ್ಲಿ, ಬೆಳಗ್ಗೆ ಹನ್ನೊಂದಕ್ಕೆ. ನನ್ನನ್ನೂ ಬರಹೇಳಿದ್ದಾರೆ. ಅವತ್ತು ಮಧ್ಯಾಹ್ನ ನಮ್ಮ ಮನೆಗೆ ಯಾರಾದರೂ ಬಂದಿದ್ದರೇ ಎಂದು ನೀನು ಅಣ್ಣನನ್ನು ಒಂದು ಸಲ ಕೇಳು. ನೀನು ಕೇಳಿದರೆ ಅವನು ಹೇಳುತ್ತಾನೆ.

ಕಜ್ಜಾಯ ಕೆಡುವ ಮೊದಲು ತಿಂದುಬಿಡು.

ಇಂತಿ ನಿನ್ನ ಮಗಳು,
ಮಂಜುಳ

ವಿ.ಸೂ.: ಅಣ್ಣಾ, ಇಲ್ಲಿಂದ ಮುಂದಕ್ಕೆ ಗಟ್ಟಿಯಾಗಿ ಓದಬೇಡ.

ಅವತ್ತು ನಾನು ವಾಪಸ್ಸು ಬಂದಾಗ ನೀನು ಹಿತ್ತಿಲಲ್ಲಿ ಎರಡನೇ ಸಲ ಸ್ನಾನ ಮಾಡುತ್ತಿದ್ದೆ. ಯಾಕೆಂದು ನಾನು ಕೇಳಿದ್ದಕ್ಕೆ ನೀನು "ಸೆಕೆ ಕಣವ್ವ" ಎಂದೆ. ಒಳಗೆ ಚೆಂಡುಹೂವು ನೆಲದ ಮೇಲೆ ಬಿದ್ದಿತ್ತು. ಸುತ್ತಿಗೆ ಗೋಡೆಯ ಕಡೆ ಮುಖ ಮಾಡಿ ಕೂತಿತ್ತು. ನಾನು ಬಳಿದಿದ್ದ ಕುಂಕುಮ ಹೋಗಿ, ಅಕ್ಷರಗಳ ನಡುವೆ ಹಸಿ ಮರದ ಚೂರು ಮೆತ್ತಿಕೊಂಡಿತ್ತು. ಪೂಜೆಗಿಟ್ಟದ್ದು ಕದಲಿತಲ್ಲಾ, ಇವರು ಬಂದರೆ ರೇಗುತ್ತಾರಲ್ಲಾ ಎಂಬುದಷ್ಟೇ ನನಗೆ ಹೊಳೆದದ್ದು. ಸೆರಗಿನಿಂದ ಒರೆಸಿ, ಹೊಸದಾಗಿ ಕುಂಕುಮ ಬಳಿದು, ಹೂವು ಇಟ್ಟು ಮೊದಲಿದ್ದ ಹಾಗೆ ಕೂರಿಸಿದೆ. ಸಾಹೇಬರು ಕೇಳಿದಾಗ ಬಾಯಿಗೆ ನಿನ್ನ ಹೆಸರು ಬಂದಿತ್ತು. ನುಂಗಿಕೊಂಡೆ.

ಅಡವಿಯಪ್ಪನಿಗೆ ಹೊಡೆದವರಲ್ಲಿ ನೀನಿದ್ದೆಯಾ? ನನಗೆ ನಿದ್ದೆ ಕೆಡಿಸಿರುವುದು ಅದೊಂದೇ. ಇರಲಿಲ್ಲ ಎಂದು ನೀನು ಬರೆದರೆ ನಂಬುತ್ತೇನೋ ಇಲ್ಲವೋ ಅದೂ ಗೊತ್ತಿಲ್ಲ. ನಿನ್ನ ಮೇಲೆ ಹೇಳಲು ನನಗೆ ಮನಸ್ಸು ಬರುತ್ತಿಲ್ಲ. ಆದರೆ ನಾನು ಒರೆಸಿದ್ದನ್ನು ಗುರುವಾರ ಹೇಳಿಯೇ ಹೇಳುತ್ತೇನೆ. ಯಾರಿದ್ದರು ಮನೆಯಲ್ಲಿ ಎಂದು ಅವರು ಮುಂದೆ ಕೇಳುತ್ತಾರೆ, ಆಗ ಮತ್ತೆ ಸುಳ್ಳು ಹೇಳಲಾರೆ.

ಇದೇ ಕಾಗದವನ್ನು, ಈ ವಿ.ಸೂ. ಸಮೇತ, ಇನ್ನೊಂದು ಸಲ ಬರೆದು ನಿಮ್ಮ ಬೀದಿಯ ರಾಧಮ್ಮ ಮೇಡಂಗೂ ಹಾಕಿದ್ದೇನೆ. ಭಾನುವಾರ ಅವರು ಬಂದು ಅವ್ವನಿಗೆ ಓದಿ ಹೇಳುತ್ತಾರೆ. ಅದಕ್ಕೆ ಮುಂಚೆ ನೀನೇ ಹೇಳಿಬಿಡು ಅಣ್ಣಾ, ಅವ್ವ ಬೇರೆಯವರ ಬಾಯಿಂದ ಕೇಳುವುದು ಬೇಡ. ಗುಬ್ಬಿಯಿಂದ ಒಂಬತ್ತರ ಬಸ್ಸು ಹತ್ತಿದರೆ ಹನ್ನೊಂದರೊಳಗೆ ಆಫೀಸು ಮುಟ್ಟಬಹುದು. ನಾನು ಗೇಟಿನ ಹತ್ತಿರವೇ ನಿಂತಿರುತ್ತೇನೆ.