ಬ್ರೇಕ್ ಮಹಾಶಯನ ಬೈಕಿನ ಹಿಂದಿನ ಸೀಟು

ಮನೆಯಿಂದ,
ಅಕ್ಟೋಬರ್ ೧೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯ ತಾಯಿ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಇಲ್ಲ ವಾರ್ಡಿನ ರೋಗಿಗಳಿಗೆಲ್ಲ ತಿನ್ನಿಸಿ ನೀನು ಬರೀ ಚಹಾ ಕುಡಿದು ಮಲಗುತ್ತೀಯೋ? ರಾತ್ರಿ ಪಾಳಿ ಮುಗಿಯಿತು ಎಂದು ಹೋದ ವಾರ ಹೇಳಿದೆ, ಕೇಳಿ ಸಮಾಧಾನವಾಯಿತು. ನಾನಿಲ್ಲಿ ಗಟ್ಟಿಮುಟ್ಟಾಗಿದ್ದೇನೆ. ಬಿ.ಪಿ. ಮಾತ್ರೆ ತಪ್ಪಿಸಿಲ್ಲ, ಡಾಕ್ಟರಿಗಿಂತ ನಿನಗೆ ಹೆದರಿ ನುಂಗುತ್ತೇನೆ. ಮಂಡಿ ನೋವು ಇದ್ದದ್ದೇ. ಕ್ಲಚ್ ತುಳಿದು ತುಳಿದು ಬಂದ ನೋವು ಅದು, ನಾನು ಬಸ್ಸು ಬಿಟ್ಟರೂ ಅದು ನನ್ನನ್ನು ಬಿಡಲಿಲ್ಲ. ಸೊಂಟ ಮಾತ್ರ ನಿನ್ನೆಯಿಂದ ಹಿಡಿದುಕೊಂಡಿದೆ, ಅದಕ್ಕೆ ಕಾರಣ ನೀನು. ಸಿಟ್ಟಿನಿಂದ ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ದನಿ ಕೇಳಿದರೆ ನಾನಿಲ್ಲಿ ಅಳುತ್ತೇನೆ, ಆಮೇಲೆ ನೀನು ಅಲ್ಲಿ ಅಳಲು ಕೂರುತ್ತೀಯ. ಅದಕ್ಕೇ ಕಾಗದ.

ನಿನ್ನ ಆಸ್ಪತ್ರೆಯಲ್ಲಿ ಕೈಗೆ ಹೊಲಿಗೆ ಹಾಕಿಸಿಕೊಂಡು, ಹೊಲಿಗೆ ಬಿಚ್ಚಿದ ಮೇಲೂ ಏನೋ ಒಂದು ನೆಪ ತೆಗೆದು ಬಂದು, ಕೊನೆಗೆ ನಿನ್ನನ್ನು ಮದುವೆಯಾಗುತ್ತೇನೆ ಎಂದ ಆ ಮನುಷ್ಯನನ್ನು ನನ್ನ ಹತ್ತಿರ ಕಳಿಸಿದೆಯಲ್ಲ, ನಮ್ಮ ಮಾವ ಹೂಂ ಅಂದರೆ ಮಾತ್ರ ಎಂದು ಹೇಳಿ. ಒಳ್ಳೆಯ ಕೆಲಸ ಹಚ್ಚಿದೆ ನನಗೆ! ನಮ್ಮವನು, ನಿನ್ನ ಗಂಡ, ಹೋಗಿ ಮೂರು ವರ್ಷವಾಯಿತು. ಈ ವಯಸ್ಸಿನಲ್ಲಿ ನೀನು ಒಂಟಿಯಾಗಿ ಹಾಸ್ಟೆಲಿನ ಕೋಣೆಗೆ ಮರಳುವುದನ್ನು ನೆನೆದರೆ ಊಟ ರುಚಿಸುವುದಿಲ್ಲ. ಆದರೂ ನಿಜ ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಅವನು ಬಂದು ಗೇಟಿನ ಚಿಲಕ ಅಲ್ಲಾಡಿಸಿದಾಗಲೇ ನಾನು ಮನಸ್ಸಿನಲ್ಲಿ ಬೇಡ ಅಂದುಬಿಟ್ಟಿದ್ದೆ. ನೀನೂ ಇನ್ನೊಂದು ಮನೆ ಸೇರಿದರೆ ನನ್ನ ಮಗನ ಸುದ್ದಿ ಎತ್ತಲು ನನಗೆ ಯಾರಿದ್ದಾರೆ? ನಾವಿಬ್ಬರೂ ಸೇರಿ ಅವನನ್ನು ಬೈದುಕೊಂಡು, ಅವನ ಗೊರಕೆ, ಅವನ ಹಠ ಎಲ್ಲವನ್ನೂ ನೆನೆಸಿಕೊಂಡು ನಗುತ್ತೇವಲ್ಲ, ಅದೂ ನಿಂತುಹೋಗುತ್ತದೆ ಎಂದು ಹೆದರಿಕೆಯಾಯಿತು. ಆದ್ದರಿಂದ ಈತನಲ್ಲಿ ಒಂದು ಹುಳುಕು ಹುಡುಕಿ, ಇವನು ಆಗಿಬರುವುದಿಲ್ಲ ಎಂದು ನಿನಗೆ ಬರೆದುಬಿಡೋಣ ಅಂತ ಹೊರಟವನು ನಾನು. ಮಗಳು ಸಂಸಾರ ಮಾಡುವ ಮನೆ ನೋಡಬೇಕು, ನೀನು ಕೆಲಸ ಮಾಡುವ ಗಣಿಯ ಊರಿಗೆ ಕರೆದುಕೊಂಡು ಹೋಗಪ್ಪಾ ಅಂದೆ. ಬಸ್ಸಿನಲ್ಲಿ ಹೋಗೋಣ ಎಂದ. ಬೇಡ, ನಿನ್ನ ಬೈಕಿನಲ್ಲೇ ಹೋಗೋಣ ಎಂದೆ. ಜನ್ಮವೆಲ್ಲ ಬಸ್ಸು ಓಡಿಸಿದ ನನಗೆ ಗೊತ್ತು, ಕುರ್ಚಿಯಲ್ಲಿ ಕೂತಾಗ ಎಲ್ಲರೂ ಸಭ್ಯರೇ. ಮನುಷ್ಯನ ನಿಜವಾದ ಬಣ್ಣ ಬಯಲಾಗುವುದು ಕೈಗೆ ಗಾಡಿ ಸಿಕ್ಕಾಗ.

ನಮ್ಮವನು ಮಳೆಯಲ್ಲಿ ಬೈಕು ಜಾರಿ ಬಿದ್ದು ಹೋದ ದಿನದಿಂದ ನಾನು ಎರಡು ಚಕ್ರದ ಗಾಡಿ ಹತ್ತಿರಲಿಲ್ಲ, ನಿನಗೇ ಗೊತ್ತು. ನಿನ್ನೆ ಬೆಳಿಗ್ಗೆ ಹತ್ತಲು ಹೋಗಿ ಎತ್ತಿದ ಕಾಲನ್ನು ಎರಡು ಸಲ ಕೆಳಗಿಟ್ಟೆ. ಮಂಡಿ ನೋವಪ್ಪಾ ಎಂದು ಸುಳ್ಳು ಹೇಳಿದೆ. ಅವನು ನಂಬಿದವನಂತೆ ತಲೆಯಾಡಿಸಿ, ನಾನು ಸರಿಯಾಗಿ ಕೂರುವವರೆಗೂ ಗಾಡಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು ನಿಂತಿದ್ದ. ಊರು ದಾಟಿದ ಕೂಡಲೇ ಕಾಡು. ಈಗ ಎಲೆ ಉದುರುವ ಕಾಲವಲ್ಲವೇ, ಮರಗಳೆಲ್ಲ ಹಳದಿ, ಕೆಂಪು, ತಾಮ್ರದ ಬಣ್ಣಕ್ಕೆ ತಿರುಗಿದ್ದವು. ನೀನಾಗಿದ್ದರೆ ಅಯ್ಯೋ ಮಾವ, ನಿಲ್ಲಿಸಿ ನಿಲ್ಲಿಸಿ ಎಂದು ಫೋಟೋ ತೆಗೆಯಲು ಇಳಿಯುತ್ತಿದ್ದೆ. ಡ್ರೈವರಿನ ಕಣ್ಣಿಗೆ ಅದೆಲ್ಲ ಬೇರೆಯೇ. ಹಿಂದಿನ ದಿನ ಮಳೆ ಬಂದಿತ್ತು, ರಸ್ತೆ ತುಂಬ ಒದ್ದೆ ಎಲೆ ಸೋಪು ಬಳಿದ ಹಾಗೆ ಅಂಟಿಕೊಂಡಿತ್ತು. ಈ ಮಹಾಶಯ ಓಡಿಸಿದ್ದಾದರೂ ಹೇಗೆ ಅಂತೀಯ? ಸೈಕಲ್ಲಿನ ಹಿಂದೆ ಸೌದೆ ಕಟ್ಟಿಕೊಂಡು ಹೊರಟಿದ್ದ ಒಬ್ಬ ಅಜ್ಜಿ ನಮ್ಮನ್ನು ಹಿಂದೆ ಹಾಕಿ ಹೋದಳು! ಹೋಗುವಾಗ ನನ್ನನ್ನು ನೋಡಿ ಪಾಪ ಅನ್ನುವಂತೆ ನಕ್ಕಳು ಬೇರೆ. ನನಗೆ ಮೈಯೆಲ್ಲ ಉರಿದುಹೋಯಿತು. ಗಾಡಿಗೆ ಮೂರನೇ ಗೇರ್ ಇದೆ ಅಂತ ನಿನಗೆ ಯಾರೂ ಹೇಳಿಲ್ಲವೇ ಎಂದು ಅವನ ಕಿವಿಯಲ್ಲಿ ಕೂಗಿದೆ. ಇದೆ ಯಜಮಾನರೇ, ರಸ್ತೆ ಒಣಗಿದ ಮೇಲೆ ಹಾಕುತ್ತೇನೆ ಎಂದ. ಅವನು ಗಣಿಯ ದೊಡ್ಡ ದೊಡ್ಡ ಲಾರಿಗಳ ಬ್ರೇಕ್ ರಿಪೇರಿ ಮಾಡುವವನಲ್ಲವೇ, ಅದಕ್ಕೇ ಅಲ್ಲಿಂದ ಮುಂದೆ ಬ್ರೇಕ್ ಮಹಾಶಯ ಎಂದೇ ಹೆಸರಿಟ್ಟೆ. ಹಾಗೆ ಕರೆದರೂ ಓ ಅನ್ನುತ್ತಾನೆ.

ಕಾಡಿನ ನಡುವೆ ಒಂದು ಗೂಡಂಗಡಿಯಲ್ಲಿ ಚಹಾಕ್ಕೆ ನಿಲ್ಲಿಸಿದ. ನಾನು ಪೊಲೀಸಿನವನ ಹಾಗೆ ಒಂದೊಂದೇ ಪ್ರಶ್ನೆ ಕೇಳಿದೆ. ಕುಡಿಯುತ್ತೀಯಾ, ಇಲ್ಲ. ಸಿಗರೇಟು, ಬಿಟ್ಟಿದ್ದೇನೆ. ಮುಂಚೆ ಮದುವೆ, ಆಗಿಲ್ಲ, ತಂಗಿಯರ ಮದುವೆ ಮುಗಿಯುವ ಹೊತ್ತಿಗೆ ತಲೆ ನೆರೆಯಿತು. ಎಲ್ಲಕ್ಕೂ ಚುಟುಕು ಉತ್ತರ, ಮಾತಿಗೂ ಬ್ರೇಕ್ ಹಾಕಿಕೊಂಡೇ ಹುಟ್ಟಿದವನು. ಕೊನೆಗೆ, ನಮ್ಮ ಹುಡುಗಿಯಲ್ಲಿ ಏನು ಕಂಡೆ ಎಂದು ನೇರವಾಗಿ ಕೇಳಿದೆ. ಲೋಟ ಕೆಳಗಿಟ್ಟು ಹೇಳಿದ.

"ಹೊಲಿಗೆ ಹಾಕುವಾಗ, ನೋವಾಗುತ್ತೆ, ಕೂಗ್ಕೋಬೇಕು ಅನ್ಸಿದ್ರೆ ಕೂಗ್ಕೊಳ್ಳಿ ಅಂದ್ರು. ನನಗೆ ಯಾರೂ ಯಾವತ್ತೂ ಹಾಗೆ ಹೇಳಿರ್ಲಿಲ್ಲ."

ಕೂಗಿದೆಯಾ ಎಂದು ಕೇಳಿದೆ. ಕೂಗಿದನಂತೆ, ಆಸ್ಪತ್ರೆಯ ಆ ತುದಿಗೂ ಕೇಳಿಸುವ ಹಾಗೆ. ನೀನು ಇದನ್ನು ನನಗೆ ಹೇಳಲೇ ಇಲ್ಲವಲ್ಲ, ಕಳ್ಳಿ.

ಕಾಡು ಮುಗಿಯಿತು ಅನ್ನುವುದು ಕಣ್ಣಿಗಿಂತ ಮುಂಚೆ ಮೂಗಿಗೆ ಗೊತ್ತಾಯಿತು. ಮಣ್ಣು, ಡೀಸೆಲ್, ಕಾದ ಕಬ್ಬಿಣದ ವಾಸನೆ. ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಹಾಕಿದ್ದಾರೆ. ರಸ್ತೆ ಬದಿಯ ಮರಗಳ ಮೇಲೆ ಎಷ್ಟು ಧೂಳೆಂದರೆ ಯಾವ ಎಲೆ ಹಣ್ಣಾಗಿದೆ, ಯಾವುದು ಹಸಿರಾಗಿದೆ ಎಂದು ಹೇಳುವ ಹಾಗಿಲ್ಲ, ಎಲ್ಲವೂ ಒಂದೇ ಕೆಂಪು. ಆ ಧೂಳು ಏಳದಿರಲಿ ಎಂದು ಟ್ಯಾಂಕರಿನವರು ರಸ್ತೆಗೆ ನೀರು ಚೆಲ್ಲುತ್ತಾ ಹೋಗುತ್ತಾರೆ. ಮುಂದೆ ಒಂದು ಇಳಿಜಾರು, ಆಗಷ್ಟೇ ನೀರು ಚೆಲ್ಲಿ ಕೆಸರಾಗಿತ್ತು. ಬ್ರೇಕ್ ಮಹಾಶಯ ಅಲ್ಲಿ ಗಾಡಿ ನಿಲ್ಲಿಸಿ, ಇಳಿಯಿರಿ ಎಂದ. ತಾನೂ ಇಳಿದ. ಇಂಜಿನ್ ಆರಿಸಿ, ಚೆನ್ನಾಗಿರುವ ಗಾಡಿಯನ್ನು ತಳ್ಳಿಕೊಂಡು ಹೊರಟ! ಹಿಂದೆ ಲಾರಿಗಳ ಸಾಲು, ಒಬ್ಬರಾದ ಮೇಲೆ ಒಬ್ಬರು ಹಾರ್ನ್ ಹೊಡೆಯುತ್ತಿದ್ದಾರೆ. ಒಬ್ಬ ಕಿಟಕಿಯಿಂದ ತಲೆ ಹೊರಗೆ ಹಾಕಿ, ಪೆಟ್ರೋಲ್ ಖಾಲಿಯೋ ಧೈರ್ಯ ಖಾಲಿಯೋ ಎಂದು ಕೂಗಿದ. ಇವನು ಎರಡೂ ಎಂದು ಕೈಯೆತ್ತಿ ನಕ್ಕುಬಿಟ್ಟ. ನನಗೆ ತಲೆ ತಗ್ಗಿಸುವಂತಾಯಿತು. ನನ್ನ ಸರ್ವಿಸಿನಲ್ಲಿ ಓಡುವ ಗಾಡಿಯನ್ನು ನಾನು ತಳ್ಳಿದವನಲ್ಲ, ಏನಯ್ಯಾ ಇದು ಮರ್ಯಾದೆಗೇಡು ಎಂದು ರೇಗಿದೆ.

"ಇಲ್ಲಿ ಬ್ರೇಕ್ ಹಿಡಿಯಲ್ಲ ಯಜಮಾನ್ರೇ. ನಾನೊಬ್ನೇ ಬಂದ್ರೂ ಇಳಿದೇ ಹೋಗೋದು."

ಅಷ್ಟೇ ಹೇಳಿದ. ಉಪದೇಶ ಮಾಡಲಿಲ್ಲ, ನಮ್ಮವನ ಹೆಸರೆತ್ತಲಿಲ್ಲ. ನಾನೇ ಎತ್ತಿಕೊಂಡೆ ಮಗಳೇ, ನನ್ನ ಒಳಗೆ. ನಮ್ಮವನು ಇಳಿಯುತ್ತಿರಲಿಲ್ಲ. ಬಿಡಪ್ಪಾ, ಇಷ್ಟು ದೂರಕ್ಕೆ ಯಾರು ಇಳಿಯುತ್ತಾರೆ ಅನ್ನುತ್ತಿದ್ದ, ಹಲ್ಲು ಕಿಸಿಯುತ್ತಿದ್ದ, ಹೋಗಿಯೇಬಿಡುತ್ತಿದ್ದ. ಅವನ ಮೇಲೆ ನನಗೆ ಎಷ್ಟು ಪ್ರೀತಿಯೋ ಅಷ್ಟೇ ಸಿಟ್ಟು ಬಂತು. ಇಳಿದಿದ್ದರೆ ಏನಾಗುತ್ತಿತ್ತೋ ನಿನಗೆ? ಎಂದು ಆ ರಸ್ತೆಯಲ್ಲೇ ಅವನನ್ನು ಬೈದೆ. ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ಇವನು ಕರ್ಚೀಫು ಕೊಟ್ಟ. ಧೂಳು ಬಿತ್ತು ಎಂದೆ. ನೀರು ಚೆಲ್ಲಿದ ರಸ್ತೆಯಲ್ಲಿ ಧೂಳು ಎಲ್ಲಿಂದ ಬರಬೇಕು ಹೇಳು.

ಇನ್ನು ಮನೆಯ ವಿಷಯ. ಕೆಲಸಗಾರರ ಸಾಲುಮನೆ, ಎರಡು ಕೋಣೆ, ಒಂದು ಅಡುಗೆಮನೆ. ಹುಳುಕು ಬೇಕಾದಷ್ಟು ಸಿಕ್ಕಿತು. ಅಡುಗೆಮನೆಯ ಕಿಟಕಿ ಲಾರಿ ರಸ್ತೆಗೇ ತೆರೆಯುತ್ತದೆ, ತೆರೆದರೆ ಪಾತ್ರೆಯಲ್ಲೆಲ್ಲ ಧೂಳು. ನಲ್ಲಿ ಹಿತ್ತಲಿನಲ್ಲಿದೆ. ಹಿಂಬಾಗಿಲು ಊರಿಗೆಲ್ಲ ಕೇಳುವಂತೆ ಕಿರುಗುಟ್ಟುತ್ತದೆ. ಒಂದೊಂದನ್ನೂ ನಿನಗೆ ಬರೆಯಲು ನೆನಪಿಟ್ಟುಕೊಂಡು ಮುಂದಿನ ಕೋಣೆಗೆ ಬಂದೆ. ಗೋಡೆ ಹೊಸದಾಗಿ ಸುಣ್ಣ ಹೊಡೆದದ್ದು, ಮೇಲೆ ಏನೂ ಇಲ್ಲ. ಒಳಗೆ ಕಾಲಿಟ್ಟ ಕೂಡಲೇ ಕಣ್ಣಿಗೆ ಬೀಳುವ ಜಾಗದಲ್ಲಿ ಒಂದು ಖಾಲಿ ಮೊಳೆ ಮಾತ್ರ. ಇದು ಯಾತಕ್ಕಪ್ಪಾ, ಕ್ಯಾಲೆಂಡರಿಗೋ ಎಂದೆ.

"ನಿಮ್ಮ ಮಗನ ಫೋಟೋಗೆ. ನಿಮ್ಮ ಸೊಸೆ ಬರುವಾಗ ತರ್ತಾರಲ್ವಾ," ಎಂದ. ಆಮೇಲೆ ಕಿಟಕಿಯ ಕಡೆ ನೋಡುತ್ತಾ, "ಇಲ್ಲಿ ಧೂಳು ಜಾಸ್ತಿ. ದಿನಾ ಒರೆಸ್ಬೇಕಾಗುತ್ತೆ. ನಾನು ಒರೆಸ್ತೀನಿ."

ಆಗಲೇ ನೋಡಿ ಮುಗಿಸಿದ್ದ ಅಡುಗೆಮನೆಯನ್ನು ಇನ್ನೊಂದು ಸಲ ನೋಡುತ್ತೇನೆ ಎಂದು ಒಳಗೆ ಹೋದೆ. ಅಲ್ಲಿ ಒಲೆಯ ಮುಂದೆ ಬಹಳ ಹೊತ್ತು ನಿಂತಿದ್ದೆ. ಅವನು ಒಳಗೆ ಬರಲಿಲ್ಲ.

ವಾಪಸು ಬರುವಾಗ ಕೀಲಿ ಕೊಡು ಎಂದೆ. ಮರುಮಾತಾಡದೆ ಕೊಟ್ಟು ಹಿಂದೆ ಕೂತ. ಹಿಂದೆ ಕೂತವರು ಡ್ರೈವರಿಗೆ ಬುದ್ಧಿ ಹೇಳದಿರುವುದನ್ನು ನಾನು ಜೀವಮಾನದಲ್ಲಿ ಮೊದಲ ಸಲ ಕಂಡೆ. ಕೆಸರಿನ ಇಳಿಜಾರು ಈಗ ಏರಾಗಿ ಬಂದಾಗ ಅವನು ಹೇಳುವ ಮೊದಲೇ ನಾನೇ ಇಳಿದು ತಳ್ಳಿದೆ. ಕಾಡಿನಲ್ಲಿ ಬಿಸಿಲು ಬಿದ್ದು ರಸ್ತೆ ಒಣಗಿತ್ತು, ಮೂರನೇ ಗೇರ್ ಹಾಕಿದೆ. ನಾಲ್ಕನೆಯದನ್ನೂ ಹಾಕಿದೆ, ಆದರೆ ಅದನ್ನು ಅವನಿಗೆ ಕೇಳಬೇಡ.

ರಾತ್ರಿ ಇಲ್ಲೇ ಉಳಿದಿದ್ದ, ಇವತ್ತು ಬೆಳಿಗ್ಗೆ ಎದ್ದು ನಮ್ಮ ಗೇಟಿನ ಚಿಲಕ ಸರಿಮಾಡಿದ. ಈಗ ಊಟ ಮಾಡಿ ಹೊರಟಿದ್ದಾನೆ, ಈ ಕಾಗದವನ್ನು ದಾರಿಯಲ್ಲಿ ಅಂಚೆ ಡಬ್ಬಿಗೆ ಹಾಕುತ್ತಾನೆ. ಚಳಿ ಶುರುವಾಯಿತು, ಸ್ವೆಟರ್ ಇಲ್ಲದೆ ಡ್ಯೂಟಿಗೆ ಓಡಬೇಡ. ನಿನ್ನ ಜೊತೆಯ ನರ್ಸಮ್ಮನವರಿಗೆಲ್ಲ ಈ ಮುದುಕ ಕೇಳಿದ ಎಂದು ಹೇಳು. ನೂರು ಕಾಲ ನಗುನಗುತ್ತಾ ಇರು ತಾಯಿ.

ಇಂತಿ,
ಸೊಂಟ ಹಿಡಿದುಕೊಂಡು ಬರೆಯುತ್ತಿರುವ
ನಿನ್ನ ಮಾವ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚಿದ ಮೇಲೆ ಬಿಚ್ಚಿ ಬರೆಯುತ್ತಿದ್ದೇನೆ, ಮುಖ್ಯವಾದದ್ದೇ ಬಿಟ್ಟುಹೋಗಿತ್ತು. ಅವನು ಹೊರಗೆ ನಿಂತಿದ್ದಾನೆ, ಹಾರ್ನ್ ಕೂಡ ಹೊಡೆಯದೆ. ಹೂಂ. ನಾನು ಹೂಂ ಅಂದಿದ್ದೇನೆ, ನಿನ್ನ ಮನಸ್ಸಿಗೆ ಬಂದರೆ ನೀನೂ ಅನ್ನು. ಹಜಾರದಲ್ಲಿದ್ದ ನಮ್ಮವನ ದೊಡ್ಡ ಫೋಟೋ ಇಳಿಸಿ ಹಳೆಯ ಹೊದಿಕೆಯಲ್ಲಿ ಸುತ್ತಿಟ್ಟಿದ್ದೇನೆ, ಗಾಜು ಹುಷಾರು, ನೀನೇ ಬಂದು ತೆಗೆದುಕೊಂಡು ಹೋಗು. ನನ್ನ ಚಿಂತೆ ಮಾಡಬೇಡ. ನಮ್ಮವನ ಲೈಸೆನ್ಸು ನನ್ನ ಹತ್ತಿರ ಇದೆ, ಅದರಲ್ಲಿರುವ ಚಿಕ್ಕ ಫೋಟೋ ನನಗೆ ಸಾಕು. ಅದರಲ್ಲಿ ಮುಖ ಗಂಟು ಹಾಕಿಕೊಂಡಿದ್ದಾನೆ, ಆದರೂ ಅವನೇ.