ಬಾವಿಕಟ್ಟೆಯ ಮಿಟ್ಲಿ ಬಾಳೆ

ಶೆಟಗೇರಿ, ಅಂಕೋಲಾ
೧೨ ನವೆಂಬರ್ ೨೦೨೪

ಪ್ರೀತಿಯ ಆಯಿ,

ನಿನ್ನ ಮೊಣಕಾಲು ನೋವು ಹೇಗಿದೆ? ಮಗಳ ಮನೆಯಲ್ಲಿ, ವೀಣಾಳ ಬಾಣಂತನದ ಗಡಿಬಿಡಿಯಲ್ಲಿ ನೀನು ಉಣ್ಣುವುದನ್ನು ಮರೆಯಬೇಡ. ಅಲ್ಲಿ ಬಿಣಗಾದ ಲಾರಿ ಸದ್ದಿನಲ್ಲಿ ಮಗು ಮಲಗುತ್ತದೆಯೇ? ಫೋನಿನಲ್ಲಿ ನನ್ನ ಮಾತು ನಿನಗೆ ಅರ್ಧವೂ ಕೇಳಿಸುವುದಿಲ್ಲ. ಅದಕ್ಕೇ ದೊಡ್ಡಕ್ಷರದಲ್ಲಿ ಬರೆದು, ಕಾಗದದ ಫೋಟೋವನ್ನು ವೀಣಾಳ ಮೊಬೈಲಿಗೆ ಕಳಿಸುತ್ತಿದ್ದೇನೆ.

ಆಯಿ, ನಿನ್ನ ಮಿಟ್ಲಿ ಬಾಳೆಗೆ ರೋಗ ಬಂದಿದೆ. ಬಾವಿಕಟ್ಟೆಯ ಹಿಂಡಿನಲ್ಲಿ ಒಂದು ಗಿಡದ ಎಲೆಗಳು ಅಗಲವಾಗದೆ, ಹಿಡಿ ಕಟ್ಟಿದ ಹಾಗೆ ತುದಿಯಲ್ಲೇ ನಿಂತಿದ್ದವು. ಗೊಬ್ಬರ ಸಾಲಲಿಲ್ಲವೆಂದು ನಾನು ಸಗಣಿ ಹಾಕಿದೆ. ತೋಟಗಾರಿಕೆ ಇಲಾಖೆಯ ವೈಶಾಲಿ ಮೇಡಂ ಬಂದವರು ಎಲೆಯ ದಂಟಿನ ಮೇಲಿನ ಕಡುಹಸಿರು ಗೀರುಗಳನ್ನು ತೋರಿಸಿ, ಇದು ವೈರಸ್, ಮದ್ದಿಲ್ಲ ಎಂದರು. ಆ ಒಂದು ಗಿಡ ಕಡಿದರೆ ಸಾಲದೇ ಎಂದು ಕೇಳಿದೆ. ಸಾಲದಂತೆ, ಇಡೀ ಹಿಂಡನ್ನೇ ತೆಗೆಯಬೇಕಂತೆ. ಗಿಡದ ಜೀವಕೋಶಗಳ ಗೋಡೆಯಲ್ಲಿ ಕಣ್ಣಿಗೆ ಕಾಣದ ಕಿಂಡಿಗಳಿವೆ. ವೈರಸ್ಸಿಗೆ ಅವು ಇಕ್ಕಟ್ಟು. ಅದು ಗಿಡದಿಂದಲೇ ಚಲನೆಯ ಪ್ರೋಟೀನ್ ಎಂಬುದನ್ನು ಮಾಡಿಸಿಕೊಂಡು, ಅದರ ನೆರವಿನಿಂದ ಕಿಂಡಿ ದಾಟಿ ಪಕ್ಕದ ಕೋಶಕ್ಕೆ, ಅಲ್ಲಿಂದ ಮುಂದಿನದಕ್ಕೆ ಹೋಗುತ್ತದೆ. ಕೊನೆಗೆ ನಾಳ ಹಿಡಿದು ಗೆಡ್ಡೆಗೆ, ಗೆಡ್ಡೆಯಿಂದ ಬುಡದಲ್ಲೇಳುವ ಕಂದಿಗೆ. ಹೊರಗೆ ಹಸಿರಾಗಿದ್ದರೂ ಒಳಗೆ ಅದು ನಡೆಯುತ್ತಲೇ ಇರುತ್ತದಂತೆ. ಅದನ್ನು ಕೇಳಿದ ಮೇಲೆ ನನಗೆ ಯಾವ ಗಿಡ ನೋಡಿದರೂ ಅನುಮಾನ.

ಪಕ್ಕದ ಮನೆಯ ಹೊನ್ನು ಅತ್ತೆ ಬೇಲಿ ಹಾರಿ ಬಂದು ಬೈದಳು: "ಹಸ್ರಾಗೇ ಇದ್ಯಲಾ ಮಂಜುನಾಥಾ! ಗೊನೆ ಹಾಕೂ ಗಿಡ ಕಡೂಕೆ ಕೈ ಹ್ಯಾಂಗ್ ಬರ್ತದೋ? ನಿನ್ನ ಆಯಿ ಬರೂವರೆಗಾದ್ರೂ ತಡಿ." ತಡೆದರೆ ಎಲೆಯ ರಸ ಹೀರುವ ಸಸ್ಯಹೇನು ಹಾರಿ ಅವಳ ತೋಟಕ್ಕೇ ರೋಗ ಒಯ್ಯುತ್ತದೆಂದೆ. ಅವಳು ಮನೆಗೆ ಹೋಗಿ ಪಿಕಾಸಿ ಹಿಡಿದುಕೊಂಡು ಬಂದಳು. ಅಗೆಯುವಾಗ ಹಾರಿಹೋಗದಿರಲೆಂದು ಮೊದಲು ಹೇನಿಗೆ ಮದ್ದು ಹೊಡೆದೆವು. ಆಮೇಲೆ ನೀನು ನೆಟ್ಟ ಇಡೀ ಹಿಂಡನ್ನು ಗೆಡ್ಡೆಸಮೇತ ಅಗೆದು ತೆಗೆದೆವು. ಬಾವಿಕಟ್ಟೆ ಬೋಳಾಗಿದೆ. ನೀನು ಬಂದಾಗ ಒಮ್ಮೆಲೇ ನೋಡಿ ಎದೆಗುಂದಬಾರದೆಂದು ಈಗಲೇ ತಿಳಿಸಿದೆ.

ವೀಣಾಳಿಗೂ ಭಾವನಿಗೂ ನಾನು ಕೇಳಿದೆನೆಂದು ಹೇಳು; ಮಗುವಿನ ಹಣೆಗೆ ನನ್ನದೊಂದು ಮುತ್ತು.

ನಿನ್ನ ಮಗ,
ಮಂಜುನಾಥ

ತಾ.ಕ.: ಆಯಿ, ಈಗಷ್ಟೇ ನಿನ್ನ ಸೊಸೆ ಲಲಿತಾ ಹೇಳಿದಳು: ಹೋಗುವಾಗ ನೀನು ಅದೇ ಹಿಂಡಿನ ಎರಡು ಕಂದುಗಳನ್ನು ಚೀಲದಲ್ಲಿ ಹಾಕಿ ಒಯ್ದಿದ್ದೀಯಂತೆ! ನೆಟ್ಟಿದ್ದರೆ ನೀನು ಕೀಳಬೇಡ. ಹೇನಿನ ಮದ್ದು ಹಿಡಿದು ನಾಳೆ ಬೆಳಗಿನ ಬಸ್ಸಿಗೆ ನಾನೇ ಬರುತ್ತೇನೆ. ಅಕ್ಕಪಕ್ಕದವರು ಕೇಳಿದರೆ ದಮ್ಮಯ್ಯ, ಕೊಡಬೇಡ. ಯಾರಿಗೂ ಇಲ್ಲ ಅಂದವಳಲ್ಲ ನೀನು, ನನಗೆ ಅದೇ ಭಯ. ಆಗಲೇ ಕೊಟ್ಟಿದ್ದರೆ ಯಾರ ಮನೆಗೆಂದು ಈಗಲೇ ವೀಣಾಳಿಂದ ಫೋನ್ ಮಾಡಿಸು.