ತವರದ ಬೆಸುಗೆ

ಸ್ಟಾಕ್‌ಹೋಮ್
ಸೋಮವಾರ, 7 ಮೇ 1894

ಸ್ಟವ್ ಕಾರ್ಖಾನೆಯ ಕೆಲಸದ ಮೇಲೆ ಯೋಟೆಬೊರಿಯಲ್ಲಿರುವ ವಾಲ್ಫ್ರಿಡ್ ಮೇಸ್ತ್ರಿಯವರಿಗೆ, ಅವರ ಹೆಂಡತಿ ಟೆಕ್ಲಾಳ ವಂದನೆ.

ಹನ್ನೊಂದು ವರ್ಷ ‘ನೀನು’ ಎಂದವಳು ಇಂದು ‘ನೀವು’ ಎನ್ನುತ್ತಿದ್ದೇನೆ. ಗೌರವ ಹೆಚ್ಚಾಯಿತೆಂದು ಹಿಗ್ಗಬೇಡಿ. ಪರಿಚಯವಿಲ್ಲದವರನ್ನು ನಾವು ಹೀಗೆಯೇ ಅಲ್ಲವೇ ಮಾತಾಡಿಸುವುದು?

ನಿಮ್ಮ ಪತ್ರ ಇಂದು ಬೆಳಿಗ್ಗೆ ಬಂತು. ಎರಡು ಹಾಳೆಗಳಲ್ಲಿ ಮೊದಲನೆಯದನ್ನು ಓದುವಷ್ಟರಲ್ಲಿ ಸಾಕಾಗಿಹೋಯಿತು, ಎರಡನೆಯದನ್ನು ಮಡಿಸಿದ ಹಾಗೇ ಇಟ್ಟಿದ್ದೇನೆ. ಜೊತೆಗೆ ಕಳಿಸಿದ ಹೇಳಿಕೆಯನ್ನು ಮಾತ್ರ ಮೂರು ಸಲ ಓದಿದೆ. “ಸ್ಟವ್ ಹಚ್ಚುವ ಕ್ರಮವನ್ನು ಉಲ್ರಿಕಾ ಎಂಬ ವಿಧವೆಗೆ ನಾನೇ ಕಲಿಸಿದ್ದೆ; ಆಕೆ ಬರ್ನರ್ ಕಾಯುವ ಮೊದಲೇ ಅವಸರದಿಂದ ಗಾಳಿ ಹೊಡೆದದ್ದರಿಂದ ಬೆಂಕಿ ಎದ್ದಿತು.” ಕೆಳಗೆ ನನ್ನ ಹೆಸರು, ಸಹಿಗೆ ಒಂದು ಗೆರೆ. ಬುಧವಾರದೊಳಗೆ ಕಾರ್ಖಾನೆಯ ಯಜಮಾನ ಓಡ್ಮಾರ್ಕರ ಕೈಗೆ ಕೊಡಬೇಕಂತೆ, ಗುರುವಾರ ವಿಚಾರಣೆಯಂತೆ. ಒಂದು ಸಹಿ ಅಷ್ಟೇ ಅಲ್ಲವಾ ಅಂತ ಕೇಳಿದ್ದೀರಿ.

ಆ ಕಾಗದದ ಹಿಂಬದಿಯಲ್ಲೇ ಈ ಪತ್ರ ಬರೆಯುತ್ತಿದ್ದೇನೆ. ಒಳ್ಳೆಯ ದಪ್ಪ ಕಾಗದ, ಶಾಯಿ ಹರಡುವುದಿಲ್ಲ.

ಉಲ್ರಿಕಾಳನ್ನು ನೀವು ಒಮ್ಮೆಯೂ ನೋಡಿಲ್ಲ. ಬಂದರಿನ ಹಮಾಲರಿಗೆ ಮಧ್ಯಾಹ್ನದ ಊಟ ಬೇಯಿಸಿ ಹಾಕಿ ಎರಡು ಮಕ್ಕಳನ್ನು ಸಾಕುವವಳು ಅವಳು. ಮಾರ್ಚ್‌ನಲ್ಲಿ ನಾನು ಚೌಕದಲ್ಲಿ ಕಾರ್ಖಾನೆಯ ಸ್ಟವ್ ಹಚ್ಚಿ ಜನರಿಗೆ ಕಾಫಿ ಕಾಯಿಸಿ ತೋರಿಸುತ್ತಿದ್ದಾಗ ನಾಲ್ಕು ಶನಿವಾರ ಬಂದು ಮುಂದಿನ ಸಾಲಿನಲ್ಲಿ ನಿಂತಳು. ನಾಲ್ಕನೇ ಸಲ ನಾನೇ ಕೇಳಿದೆ, “ಏನಕ್ಕಾ, ಕೊಳ್ಳೋಕೆ ಬಂದ್ಯಾ, ಪುಕ್ಕಟೆ ಕಾಫಿಗೆ ಬಂದ್ಯಾ?” ಅಂತ. “ಕಾಫಿಗೇ. ಆದ್ರೆ ನಿನ್ನ ಕಾಫಿ ಹಿಂಗೇ ಇದ್ರೆ ಸ್ಟವ್ ಕೊಂಡು ಮನೇಲೇ ಕಾಯಿಸ್ಕೊಳ್ಳೋದು ವಾಸಿ” ಅಂದಳು. ಅಂದೇ ಕೊಂಡಳು.

ಹಚ್ಚುವುದನ್ನು ಎಲ್ಲರಿಗೂ ಕಲಿಸುವ ಹಾಗೆಯೇ ಅವಳಿಗೂ ಕಲಿಸಿದೆ. ಬಟ್ಟಲಿಗೆ ಸ್ಪಿರಿಟ್ ಹಾಕಿ ಹಚ್ಚು, ಕರ್ತನ ಪ್ರಾರ್ಥನೆಯನ್ನು ನಿಧಾನವಾಗಿ ಎರಡು ಸಲ ಹೇಳು, ಎರಡನೇ ಆಮೆನ್ ಆದ ಮೇಲೆ ಗಾಳಿ ಹೊಡಿ. ಅಷ್ಟು ಹೊತ್ತಿಗೆ ಕೊಳವೆ ಕಾದಿರುತ್ತದೆ, ಸೀಮೆಎಣ್ಣೆ ಮೇಲೇರುತ್ತಲೇ ಆವಿಯಾಗಿ ನೀಲಿಯಾಗಿ ಉರಿಯುತ್ತದೆ. ಮೊದಲೇ ಹೊಡೆದರೆ ಎಣ್ಣೆ ಎಣ್ಣೆಯಾಗಿಯೇ ಚಿಮ್ಮಿ ಆಳೆತ್ತರ ಹಳದಿ ಬೆಂಕಿ ಏಳುತ್ತದೆ. ಹೊಸಬರು ಮಾಡುವ ತಪ್ಪು ಇದೊಂದೇ, ಅದಕ್ಕೇ ನೀವು ಅದನ್ನು ಆರಿಸಿದಿರಿ. ಯಾರಾದರೂ ನಂಬುತ್ತಾರೆ.

ಆದರೆ ಆ ತಪ್ಪು ಹಚ್ಚಿದ ನಿಮಿಷದಲ್ಲೇ ಗೊತ್ತಾಗುತ್ತದೆ. ಬೆಂಕಿ ಎದ್ದದ್ದು ಗುರುವಾರ, ಬಟಾಣಿ ಸಾರಿನ ದಿನ. ಮಾರನೇ ಬೆಳಿಗ್ಗೆ ನಾನು ಅವಳ ಅಡುಗೆಮನೆಗೆ ಹೋದೆ. ಗೋಡೆ ಕಪ್ಪಾಗಿತ್ತು, ಪಾತ್ರೆ ನೆಲದ ಮೇಲೆ ಬೋರಲಾಗಿತ್ತು. ಬಟಾಣಿ ಹೆಕ್ಕಿ ಬಾಯಿಗೆ ಹಾಕಿಕೊಂಡೆ. ಹೊರಗೆ ಮೆತ್ತಗೆ, ಒಳಗೆ ಗಟ್ಟಿ. ಒಂದು ಗಂಟೆಗೂ ಮೀರಿ ಬೆಂದ ಬಟಾಣಿ ಅದು. ಬೆಂಕಿ ಆರಿಸುವ ದಳದವರು ಬಂದರು, ಪೊಲೀಸರು ಬಂದರು, ಮನೆಯೊಡೆಯ ಬಂದು ಬಾಯಿಗೆ ಬಂದ ಹಾಗೆ ಬೈದು ಹೋದ. ಒಬ್ಬರಿಗೂ ಬಗ್ಗಿ ಒಂದು ಕಾಳು ಕಚ್ಚಿ ನೋಡಬೇಕು ಅನ್ನಿಸಲಿಲ್ಲ.

ಉರಿ ಕೆಳಗಿನಿಂದ ಎದ್ದಾಗ ಅವಳು ಓಡಿಹೋಗಬಹುದಿತ್ತು. ಬೆಂಕಿಯೊಳಕ್ಕೆ ಕೈಯಿಟ್ಟು ಗಾಳಿ ಬಿಡುವ ತಿರುಪನ್ನು ಸಡಿಲಿಸಿದಳು, ಅದನ್ನೂ ನಾನೇ ಕಲಿಸಿದ್ದೆ. ಅದಕ್ಕೇ ಆ ಕಟ್ಟಡದ ಆರು ಸಂಸಾರ ಇವತ್ತು ಸೂರಿನ ಕೆಳಗೆ ಮಲಗುತ್ತಿವೆ. ಅವಳ ಎರಡು ಕೈಗೂ ಮೊಣಕೈವರೆಗೆ ಪಟ್ಟಿ ಕಟ್ಟಿದ್ದಾರೆ. ಬೆಂಕಿಯ ವಿಷಯದಲ್ಲಿ ಬೇಜವಾಬ್ದಾರಿ ಅಂತ ಗುರುವಾರ ತೀರ್ಪಾದರೆ ಅವಳಿಗೆ ಈ ಊರಿನಲ್ಲಿ ಯಾರೂ ಅಡುಗೆಮನೆ ಬಾಡಿಗೆಗೆ ಕೊಡುವುದಿಲ್ಲ. ಮಕ್ಕಳು ಅನಾಥಾಲಯಕ್ಕೆ ಹೋಗುತ್ತವೆ. ನೀವು ಕೇಳುವ ಸಹಿ ಇದಕ್ಕೆ.

ಸುಟ್ಟ ಬರ್ನರನ್ನು ಪೊಲೀಸಿನವನು ಕಾರ್ಖಾನೆಗೆ ತಂದ ದಿನ ನಾನೂ ಅಲ್ಲೇ ಇದ್ದೆ. ನೀವು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಿರಿ, ಕೊಳವೆ ಕೂಡುವ ಕಡೆ ಹೆಬ್ಬೆರಳಿನ ಉಗುರಿನಿಂದ ಏನನ್ನೋ ಕೆರೆದಿರಿ. ಬೆಳ್ಳಗೆ ಮಿನುಗುವ ಒಂದು ಹನಿ. ಅದು ಜೇಬಿಗೆ ಹೋಯಿತು. ನಂತರ ತಿರುಗಿ, “ಬರ್ನರ್‌ನಲ್ಲಿ ಏನೂ ದೋಷ ಇಲ್ಲ. ಆಯಮ್ಮ ಅವಸರ ಮಾಡಿದ್ದಾಳೆ” ಅಂದಿರಿ. ನನ್ನ ಮುಖ ಮಾತ್ರ ನೋಡಲಿಲ್ಲ.

ಅದು ತವರ. ಕೊಳವೆಗೆ ಹಾಕಬೇಕಾದದ್ದು ಕೆಂಪಗೆ ಕಾದರೂ ಬಿಡದ ಹಿತ್ತಾಳೆ ಬೆಸುಗೆ. ತವರದ ಬೆಸುಗೆ ಕಾಫಿ ಕಾಯುವ ಹತ್ತು ನಿಮಿಷ ತಡೆದೀತು, ಬಟಾಣಿ ಬೇಯುವ ಎರಡು ಗಂಟೆ ತಡೆಯಲಾರದು, ಕರಗಿ ಎಣ್ಣೆ ಸೋರುತ್ತದೆ.

ಇಷ್ಟು ಬರೆದು ಎದ್ದು ಹೋಗಿ ಒಲೆಗೆ ಸೌದೆ ಹಾಕಿ ಬಂದೆ. ಒಲೆಗೆ ಸೌದೆ ಬೇಕಿರಲಿಲ್ಲ. ಮುಂದಿನದನ್ನು ಬರೆಯಲು ಭಯವಾಯಿತು, ಅಷ್ಟೇ.

ಆ ತವರ ಹಾಕಿದವಳು ನಾನು. ನಿಮಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಆದರೂ ನನ್ನ ಕೈಬರಹದಲ್ಲಿ ಒಂದು ಕಡೆ ಇರಲಿ. ಫೆಬ್ರವರಿಯಲ್ಲಿ ನಿಮಗೆ ಜ್ವರ ಬಂದು ಹನ್ನೆರಡು ಬರ್ನರ್ ಅರ್ಧಕ್ಕೆ ನಿಂತಾಗ, ನಿಮ್ಮ ಕೆಲಸ ಹೋದೀತೆಂದು ನಾನೇ ನಿಮ್ಮ ಮೇಜಿಗೆ ಕೂತೆ. ಹಿತ್ತಾಳೆ ಬೆಸುಗೆ ಕರಗಿ ಹರಿಯಲಿಲ್ಲ. ಬೆಸುಗೆ ಕಾಯಿಸುವ ನನ್ನ ಊದುದೀಪಕ್ಕೆ ಅಷ್ಟು ಕಾವಿರಲಿಲ್ಲ, ನಿಮ್ಮನ್ನು ಎಬ್ಬಿಸಿ ಕೇಳಲು ಮನಸ್ಸು ಬರಲಿಲ್ಲ. ನಾನು ದೀಪ ಮಾಡುವವನ ಮಗಳು. ಬತ್ತಿಯ ದೀಪದಲ್ಲಿ ಉರಿಯುವುದು ಬತ್ತಿ, ತಗಡು ತಣ್ಣಗಿರುತ್ತದೆ, ಅಲ್ಲಿಗೆ ತವರವೇ ಸಾಕು. ಐದನೇ ವಯಸ್ಸಿನಿಂದ ನನ್ನ ಕೈ ಕಲಿತದ್ದು ಅದನ್ನೇ. ತವರುಮನೆಯಿಂದ ನಾನು ತಂದ ಆಸ್ತಿ ಆ ತವರವೊಂದೇ. ಈ ಹೊಸ ಬರ್ನರ್‌ನಲ್ಲಿ ಕೊಳವೆಯೇ ಬೆಂಕಿಯೊಳಗೆ ಕೂತಿರುತ್ತದೆ ಎಂಬುದನ್ನು ದಿನಾ ನೂರು ಜನಕ್ಕೆ ವಿವರಿಸುವ ನಾನು, ಬೆಸುಗೆ ಹಾಕುವಾಗ ಮರೆತೆ. ನೀರಿನಲ್ಲಿ ಮುಳುಗಿಸಿ ಗಾಳಿ ಹೊಡೆದು ನೋಡಿದೆ, ಒಂದು ಗುಳ್ಳೆಯೂ ಬರಲಿಲ್ಲ. ಖುಷಿಯಿಂದ ಹನ್ನೆರಡಕ್ಕೂ ತಳದಲ್ಲಿ ಅಪ್ಪನ ಗುರುತು, ಸಣ್ಣ ಮೀನುಮುಳ್ಳು, ಗೀಚಿದೆ. ಆ ಗುರುತಿನ ವಿಷಯ ಮಾತ್ರ ನಿಮಗೆ ಗೊತ್ತಿಲ್ಲ.

ಅಂದು ಮನೆಯಲ್ಲಿ ಊಟಕ್ಕೆ ಕೂತ ನಿಮ್ಮನ್ನು ನಾನು ಬಿಡದೆ ಕೇಳಿದಾಗ ನೀವು ಹೇಳಿದ್ದು ನೆನಪಿದೆ. “ನಿನ್ನನ್ನ ಉಳಿಸೋಕೆ ಸುಳ್ಳು ಹೇಳ್ದೆ ಕಣೇ. ಸರಿಯಾಗಿ ಅನ್ನ ತಿನ್ನೋಕೂ ಬಿಡಲ್ವಲ್ಲ ನೀನು.” ನನ್ನ ಮೇಲಿನ ಪ್ರೀತಿಗೇ ಹೇಳಿದಿರಿ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಉಲ್ರಿಕಾಳ ಸುಟ್ಟ ಕೈಗಳನ್ನು ತಂದು ನನಗೆ ಅಡ್ಡ ಹಿಡಿದಿರಿ, ನಿಮ್ಮವನ್ನಲ್ಲ. ಅದಕ್ಕೇ ಅಂದೇ ಪೆಟ್ಟಿಗೆ ಎತ್ತಿಕೊಂಡು ಅಕ್ಕನ ಮನೆಗೆ ಬಂದೆ. ಈಗಲೂ ಆ ಪ್ರೀತಿ ನನಗೆ ಬೇಡ.

ಈ ಮೂರು ವಾರ ನಾನು ಸುಮ್ಮನೆ ಕೂತಿಲ್ಲ. ಮಾರಿದವಳು ನಾನೇ ಆದ್ದರಿಂದ ಕೊಂಡವರ ಮನೆ ಗೊತ್ತು. ಬಾಗಿಲು ಬಾಗಿಲಿಗೆ ಹೋಗಿ, ಬರ್ನರ್ ಬಿಚ್ಚಿ ತಳ ನೋಡಿ, ಮೀನುಮುಳ್ಳು ಇದ್ದದ್ದನ್ನು ವಾಪಸು ತೆಗೆದುಕೊಂಡು ಮಳಿಗೆಯಿಂದ ಒಳ್ಳೆಯದನ್ನು ಕೊಟ್ಟು ಬಂದೆ. ಕಾರ್ಖಾನೆಯಲ್ಲೇ ಬಿದ್ದಿದ್ದ ಉಲ್ರಿಕಾಳದೂ ಸೇರಿ ಹನ್ನೊಂದು ಸಿಕ್ಕಿವೆ. ಹನ್ನೆರಡನೆಯದನ್ನು ಕೂರಿಸಿದ ಸ್ಟವ್‌ಗೆ ಒಂದು ಕಾಲು ಸೊಟ್ಟ, ಮಳಿಗೆಯವರು ಬೇಡವೆಂದಿದ್ದರು. ಕರಗಿಸಲು ಹಾಕಿರಬೇಕು ಅನ್ನುತ್ತಾರೆ.

ಶನಿವಾರ ಓಡ್ಮಾರ್ಕರಿಗೆ ವಿಷಯ ತಿಳಿಯಿತು. “ಏನಮ್ಮಾ, ಯಾರನ್ನ ಕೇಳಿ ಸ್ಟವ್ ಹಂಚ್ತಿದೀಯ? ಕಾರ್ಖಾನೆ ನಿಮ್ಮಪ್ಪಂದಾ?” ಅಂತ ಎಲ್ಲರೆದುರು ಕೂಗಾಡಿದರು. “ನಮ್ಮಪ್ಪಂದಾಗಿದ್ರೆ ಬರೀ ದೀಪ ಮಾಡ್ತಿದ್ವಿ ಸ್ವಾಮಿ, ಯಾರ ಕೈಯೂ ಸುಡ್ತಿರಲಿಲ್ಲ” ಅಂದೆ. ಕೆಲಸದಿಂದ ತೆಗೆದರು. ಹೊರಡುವ ಮೊದಲು, ಬೆಸುಗೆ ಹಾಕಿದವಳು ನಾನು ಅಂತ ಅವರ ಮುಖಕ್ಕೇ ಹೇಳಿದೆ. ಅವರು “ಅದನ್ನ ನಾನು ಕೇಳಿಸ್ಕೊಂಡಿಲ್ಲ” ಅಂದರು. ಗುರುವಾರ ನ್ಯಾಯಾಧೀಶರಿಗೆ ಕೇಳಿಸುವ ಹಾಗೆ ಹೇಳುತ್ತೇನೆ.

ನಿನ್ನೆ ಉಲ್ರಿಕಾಳ ಬಳಿ ಹೋಗಿ ಎಲ್ಲ ಹೇಳಿದೆ. ಬೈಯಲಿ, ಉಗಿಯಲಿ ಅಂತ ಸಿದ್ಧವಾಗಿಯೇ ಹೋಗಿದ್ದೆ. ಅವಳು ಪಟ್ಟಿ ಕಟ್ಟಿದ ಕೈಗಳನ್ನು ನೋಡಿಕೊಂಡಳು. ಆಮೇಲೆ, “ಹಂಗಾದ್ರೆ ನನ್ನ ಪ್ರಾರ್ಥನೆ ಸರಿಯಾಗೇ ಇತ್ತಾ?” ಅಂತ ಕೇಳಿದಳು. ಯಾವ ಪ್ರಾರ್ಥನೆ ಅಂದೆ. “ಎಲ್ಲಾರೂ ಅವಸರ ಮಾಡ್ದೆ, ಅವಸರ ಮಾಡ್ದೆ ಅಂತಾರೆ. ಎರಡ್ನೇ ಸಲ ಎಲ್ಲೋ ಒಂದು ಸಾಲು ನುಂಗಿಬಿಟ್ನೇನೋ, ದೇವ್ರು ಅದಕ್ಕೇ ಹಿಂಗೆ ಮಾಡಿದ್ನೇನೋ ಅಂತ ದಿನಾ ಹೇಳಿ ಹೇಳಿ ನೋಡ್ತಿದ್ದೆ ಕಣೇ.” ನಾನು ಅತ್ತುಬಿಟ್ಟೆ. ಅವಳು ಅಳಲಿಲ್ಲ. “ಅತ್ತಿದ್ದು ಸಾಕು, ಗಂಜಿ ಕುಡಿಸು. ನಂಗೆ ಚಮಚ ಹಿಡಿಯೋಕಾಗಲ್ಲ” ಅಂದಳು. ಕುಡಿಸಿದೆ.

ವಾಲ್ಫ್ರಿಡ್ ಅವರೇ, ನಿಮ್ಮ ಸುಳ್ಳು ಬರೀ ಬರ್ನರ್‌ನದಲ್ಲ. ಒಬ್ಬ ಹೆಂಗಸು ತನ್ನ ಪ್ರಾರ್ಥನೆಯನ್ನೇ ಸಂಶಯದಿಂದ ಕೇಳಿಸಿಕೊಳ್ಳುವ ಹಾಗಾಯಿತು. ಜೈಲಾದರೆ ಆಗಲಿ, ಊರೆಲ್ಲ ನನ್ನನ್ನು ಬೆಂಕಿ ಇಟ್ಟವಳು ಅನ್ನಲಿ, ನಾನು ಹೋಗಿ ಹೇಳುತ್ತೇನೆ. ಹನ್ನೊಂದು ಬರ್ನರ್‌ಗಳನ್ನೂ ಬುಟ್ಟಿಯಲ್ಲಿ ತುಂಬಿ ಒಯ್ಯುತ್ತೇನೆ, ಗುರುತು ಯಾರದೆಂದು ಅವೇ ಹೇಳುತ್ತವೆ. ನಿಮಗೆ ಮನಸ್ಸಿದ್ದರೆ ಬಂದು ಪಕ್ಕದಲ್ಲಿ ನಿಲ್ಲಿ. ಇಲ್ಲದಿದ್ದರೆ ದಾರಿಗೆ ಅಡ್ಡ ಬರಬೇಡಿ.

ಸಹಿ ಕೇಳಿದ್ದಿರಿ. ನೀವು ಗೆರೆ ಹಾಕಿದ ಕಡೆಯಲ್ಲಿ ಅಲ್ಲ, ಇಲ್ಲಿ ಹಾಕಿದ್ದೇನೆ.

ದೀಪದ ಕಸುಬಿನ ಯಾನ್ ಅವರ ಮಗಳು,
ಟೆಕ್ಲಾ

ಮ.ಟಿ.: ಲಕೋಟೆಗೆ ಹಾಕುವ ಮೊದಲು ನಿನ್ನ ಎರಡನೇ ಹಾಳೆ ಬಿಡಿಸಿದೆ. ಮನೆಯಿಂದ ತಂದ ಸೊಟ್ಟಕಾಲಿನ ಸ್ಟವ್ ಮೇಲೆ ದಿನಾ ಕಾಫಿ ಕಾಯಿಸಿಕೊಳ್ಳುತ್ತೀಯೆಂದೂ, ಬರುವ ಗುರುವಾರ ಜೊತೆಗಾರರಿಗೆಲ್ಲ ಮೊದಲ ಸಲ ಅದರ ಮೇಲೇ ಬಟಾಣಿ ಸಾರು ಮಾಡುತ್ತೀಯೆಂದೂ ಬರೆದಿದ್ದೀಯ. ಯಾರೂ ಬೇಡವೆಂದದ್ದನ್ನು ಮನೆಗೆ ಎತ್ತಿ ತರುವ ಚಾಳಿ ನಿನ್ನದು, ಅದು ನೆನಪಿಗೇ ಬರಲಿಲ್ಲ ನನಗೆ. ಬರ್ನರ್ ಬಿಚ್ಚಿ ತಳ ನೋಡು, ಮೀನುಮುಳ್ಳು ಇರುತ್ತದೆ. ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ತಂತಿ ಕಚೇರಿಗೆ ಹೋಗುತ್ತೇನೆ, ಈ ಪತ್ರಕ್ಕಿಂತ ಮೊದಲು ತಂತಿ ಸಿಗುತ್ತದೆ. ಅದರಲ್ಲಿ “ಸ್ಟವ್ ಹಚ್ಚಬೇಡ” ಅಂತಷ್ಟೇ ಇರುತ್ತದೆ. ಹಚ್ಚಬೇಡ ವಾಲ್ಫ್ರಿಡ್. ಕಾಫಿಗೂ ಬೇಡ. ಅದನ್ನು ಎತ್ತಿಕೊಂಡು ರಾತ್ರಿಯ ರೈಲು ಹತ್ತು, ನನ್ನ ಬುಟ್ಟಿಯಲ್ಲಿ ಒಂದು ಕಡಿಮೆ ಇದೆ.